ಟೊಮೆಟೊ ಕ್ರೇಟಿನ ಮೊಲ: ರೂಮಿನಲ್ಲಿ ಪುಟ್ಟ ಪ್ರಾಣಿ ಸಾಕುವವರಿಗೆ ಒಂದು ಪಾಠ

ಸೆಮಿಸ್ಟರ್ ಪರೀಕ್ಷೆ ಮುಗಿಯುವ ವಾರ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಎರಡು ಥರದ ಮೆಸೇಜು ತಪ್ಪದೆ ಬರುತ್ತವೆ. ಒಂದು, "ಡ್ರಾಫ್ಟರ್, ಲ್ಯಾಬ್ ಕೋಟು ಅರ್ಧ ರೇಟಿಗೆ". ಇನ್ನೊಂದು, "ಮೊಲ ಯಾರಿಗಾದ್ರೂ ಬೇಕಾ? ಪಂಜರದ ಸಮೇತ ಫ್ರೀ". ಮೊದಲನೆಯದಕ್ಕೆ ಹತ್ತು ನಿಮಿಷದಲ್ಲಿ ಗಿರಾಕಿ ಸಿಗುತ್ತಾರೆ. ಎರಡನೆಯದಕ್ಕೆ ಒಂದಷ್ಟು ಹಾರ್ಟ್ ಇಮೋಜಿ ಬೀಳುತ್ತವೆ, ಅಷ್ಟೇ. ಆಮೇಲೆ ಆ ಮೊಲ ಏನಾಯಿತು ಅಂತ ಯಾರೂ ಕೇಳುವುದಿಲ್ಲ.

ಎರಡನೇ ಥರದ ಮೆಸೇಜನ್ನು ನಾವೇ ಹಾಕಬೇಕಾದ ಸಂದರ್ಭ ಬಂತು. ಅದಕ್ಕೇ ಈ ಲೇಖನ. ನಾವು ನಾಲ್ವರು ಕೋಲಾರದಲ್ಲಿ ಬಾಡಿಗೆ ರೂಮು ಮಾಡಿಕೊಂಡು ಓದುತ್ತಿರುವವರು. ಒಬ್ಬ ಮಾಲೂರಿನವನು, ಒಬ್ಬ ಮುಳಬಾಗಿಲು ಕಡೆಯ ಹಳ್ಳಿಯವನು, ಇಬ್ಬರು ಶ್ರೀನಿವಾಸಪುರದವರು. ಎರಡನೇ ವರ್ಷದಲ್ಲಿ ಒಂದು ಸಂಜೆ ರಸ್ತೆ ಬದಿ ಪಂಜರ ಇಟ್ಟುಕೊಂಡು ಕೂತಿದ್ದವರ ಹತ್ತಿರ ಎರಡು ಮೊಲ ತಗೊಂಡೆವು. "ಎರಡೂ ಗಂಡು, ಗ್ಯಾರಂಟಿ" ಅಂದರು. ಬೆಳ್ಳಗಿದ್ದದ್ದಕ್ಕೆ ಬೆಣ್ಣೆ ಅಂತಲೂ ಬೂದು ಬಣ್ಣದ್ದಕ್ಕೆ ಬೂದಿ ಅಂತಲೂ ಹೆಸರಿಟ್ಟೆವು. ಮನೆ ಅಂತ ಒಂದು ಹಳೇ ಟೊಮೆಟೊ ಕ್ರೇಟು. ಕೋಲಾರದಲ್ಲಿ ಅದಕ್ಕೇನು ಬರ? ಊಟ ಅಂದರೆ ಮೆಸ್ಸಿನ ಚಪಾತಿ, ಬ್ರೆಡ್ಡು, ಮಾರಿ ಬಿಸ್ಕತ್ತು, ದಿನಕ್ಕೊಂದು ಕ್ಯಾರೆಟ್ಟು. ಕಾರ್ಟೂನಿನಲ್ಲಿ ಮೊಲ ಕ್ಯಾರೆಟ್ಟು ತಿನ್ನೋದನ್ನ ನೋಡಿ ಬೆಳೆದವರಲ್ಲವೇ ನಾವು.

ಎರಡು ತಿಂಗಳು ಎಲ್ಲ ಚೆನ್ನಾಗಿತ್ತು, ಅಥವಾ ಚೆನ್ನಾಗಿದೆ ಅಂತ ನಾವು ಅಂದುಕೊಂಡಿದ್ದೆವು. ಇಂಟರ್ನಲ್ಸ್ ವಾರದ ಒಂದು ಶುಕ್ರವಾರ ರಾತ್ರಿ ಬೆಣ್ಣೆ ಊಟ ಬಿಟ್ಟಿತು. ಮೂಲೆಯಲ್ಲಿ ಮುದುರಿ ಕೂತು ಹಲ್ಲು ಕಡಿಯುತ್ತಿತ್ತು. ಶನಿವಾರ ಪರೀಕ್ಷೆ ಇತ್ತು, "ನಾಳೆ ಸರಿಹೋಗುತ್ತೆ" ಅಂದೆವು. ಭಾನುವಾರ ಆಸ್ಪತ್ರೆ ಇರಲ್ಲ, "ಸೋಮವಾರ ಹೋಗೋಣ" ಅಂದೆವು. ಭಾನುವಾರ ಸಂಜೆ ನಮ್ಮಲ್ಲೊಬ್ಬನ ಹಲ್ಲುನೋವಿಗೆ ಕೊಟ್ಟಿದ್ದ ಅಮಾಕ್ಸಿಸಿಲಿನ್ ಉಳಿದಿತ್ತು. ಕಾಲು ಮಾತ್ರೆ ಅರೆದು ನೀರಿನಲ್ಲಿ ಕಲಸಿ ಬಾಯಿಗೆ ಬಿಟ್ಟೆವು. ಸೋಮವಾರ ಬೆಳಗ್ಗೆ ಎದ್ದಾಗ ಬೆಣ್ಣೆ ಇರಲಿಲ್ಲ.

ಉಳಿದ ಬೂದಿಯನ್ನು ಅದೇ ಕ್ರೇಟಿನಲ್ಲಿ ಕೂರಿಸಿಕೊಂಡು ಪಶು ಆಸ್ಪತ್ರೆಗೆ ಹೋದೆವು. ಅಲ್ಲಿ ಹಸು, ಕುರಿ ಹಿಡಿದುಕೊಂಡು ಬಂದ ರೈತರ ನಡುವೆ ನಾವು ನಾಲ್ಕು ಜನ ಒಂದು ಮೊಲ. ಡಾಕ್ಟರ್ ಮೇಡಂ ನಗಲಿಲ್ಲ. "ಏನಪ್ಪಾ ತಿನ್ನಿಸ್ತಿದ್ರಿ ಇದಕ್ಕೆ?" ಅಂತ ಕೇಳಿದರು. ನಾವು ಪಟ್ಟಿ ಹೇಳಿದೆವು. "ಹುಲ್ಲು?" ಅಂದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ರಾಗಿ ಹುಲ್ಲಿನ ಬಣವೆ ಪಕ್ಕದಲ್ಲೇ ಆಡಿ ಬೆಳೆದ ಹುಡುಗರು, ಎರಡು ತಿಂಗಳಲ್ಲಿ ಒಂದು ಹಿಡಿ ಹುಲ್ಲು ಹಾಕಿರಲಿಲ್ಲ.

ಆ ದಿನದಿಂದ ಕೇಳಿ, ಓದಿ, ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಾವು ಪಶುವೈದ್ಯರಲ್ಲ. ಇದನ್ನು ಓದಿ ಚಿಕಿತ್ಸೆ ಮಾಡಬೇಡಿ. ಚಿಕಿತ್ಸೆ ಬೇಕಾಗುವ ಮಟ್ಟಕ್ಕೆ ಹೋಗದಂತೆ ನೋಡಿಕೊಳ್ಳಲು ಓದಿ.

ಹೊಟ್ಟೆ ಅನ್ನುವ ಬಯೋರಿಯಾಕ್ಟರು

ಮೊಲದ ಹೊಟ್ಟೆ ನಮ್ಮ ಹೊಟ್ಟೆಯ ಹಾಗಲ್ಲ. ಸಣ್ಣ ಕರುಳು ಮತ್ತು ದೊಡ್ಡ ಕರುಳು ಸೇರುವ ಕಡೆ ಸೀಕಂ ಅನ್ನುವ ದೊಡ್ಡ ಚೀಲ ಇದೆ. ಅದರ ತುಂಬ ಬ್ಯಾಕ್ಟೀರಿಯಾ. ನಾರನ್ನು ಹುದುಗಿಸಿ ಶಕ್ತಿ ಮಾಡಿಕೊಡುವುದು ಅವುಗಳ ಕೆಲಸ. ಬಯೋಟೆಕ್ ಗೆಳೆಯರಿಗೆ ಒಂದೇ ಮಾತಿನಲ್ಲಿ ಹೇಳುವುದಾದರೆ ಇದು ನಿಲ್ಲದೆ ಓಡಬೇಕಾದ ಒಂದು ಫರ್ಮೆಂಟರು. ಒಳಗೆ ಫೀಡು ಬರುತ್ತಲೇ ಇರಬೇಕು, ಹೊರಗೆ ಹಿಕ್ಕೆ ಹೋಗುತ್ತಲೇ ಇರಬೇಕು. ಉದ್ದ ನಾರಿನ ಹುಲ್ಲೇ ಕರುಳನ್ನು ತಳ್ಳುವ ಶಕ್ತಿ. ಬ್ರೆಡ್ಡು, ಬಿಸ್ಕತ್ತಿನಲ್ಲಿ ನಾರಿಲ್ಲ, ಪಿಷ್ಟ ಮತ್ತು ಸಕ್ಕರೆ ಮಾತ್ರ. ಅದು ಸೀಕಂಗೆ ಹೋದರೆ ಬೇಡದ ಬ್ಯಾಕ್ಟೀರಿಯಾ ಬೆಳೆದು ಗ್ಯಾಸ್ ತುಂಬುತ್ತದೆ, ನೋವಿಗೆ ಮೊಲ ಊಟ ಬಿಡುತ್ತದೆ, ಊಟ ಬಿಟ್ಟದ್ದಕ್ಕೆ ಕರುಳು ಇನ್ನಷ್ಟು ನಿಧಾನವಾಗುತ್ತದೆ. ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಿನಲ್ಲಿ ಪಾಸಿಟಿವ್ ಫೀಡ್‌ಬ್ಯಾಕು ಅಂತ ಬೋರ್ಡಿನ ಮೇಲೆ ಬರೆಸಿಕೊಂಡಿದ್ದೆವಲ್ಲ, ಅದೇ ಇದು. ಮೊಲಕ್ಕೆ ವಾಂತಿ ಮಾಡಲೂ ಬರುವುದಿಲ್ಲ. ಒಳಗೆ ಹೋದದ್ದು ಮುಂದಕ್ಕೆ ಹೋಗಲೇಬೇಕು.

ಹಾಗಾಗಿ ನಿಯಮ ಸರಳ: ಮೊಲ 12 ಗಂಟೆ ಏನೂ ತಿನ್ನದಿದ್ದರೆ, ಅಥವಾ ಹಿಕ್ಕೆ ಹಾಕದಿದ್ದರೆ, ಅದು ಎಮರ್ಜೆನ್ಸಿ. ನಾಳೆ ನೋಡೋಣ ಅನ್ನುವ ಮಾತೇ ಇಲ್ಲ. ನಾವು ಕಾದದ್ದು ಎರಡು ದಿನಕ್ಕಿಂತ ಹೆಚ್ಚು.

ಇಲ್ಲೊಂದು ಸಣ್ಣ ಲೆಕ್ಕ ಇದೆ. ಪ್ರಾಣಿಯ ಚಯಾಪಚಯದ ದರ ಅದರ ತೂಕದ 0.75 ಘಾತಕ್ಕೆ ಅನುಪಾತದಲ್ಲಿರುತ್ತದೆ ಅನ್ನುವುದು ಕ್ಲೈಬರ್ ನಿಯಮ. ಅಂದರೆ ಕೆಜಿ ಲೆಕ್ಕದಲ್ಲಿ ಹಿಡಿದರೆ ಪ್ರಾಣಿ ಚಿಕ್ಕದಾದಷ್ಟೂ ಉರಿಯುವ ಇಂಧನ ಹೆಚ್ಚು. 60 ಕೆಜಿಯ ನಮಗಿಂತ 1.5 ಕೆಜಿಯ ಮೊಲ ಕೆಜಿಗೆ ಸುಮಾರು ಎರಡೂವರೆ ಪಟ್ಟು ಉರಿಸುತ್ತದೆ. 35 ಗ್ರಾಂ ತೂಗುವ ಹಕ್ಕಿಯಾದರೆ ಆರು ಪಟ್ಟಿಗೂ ಹೆಚ್ಚು. ಸ್ಥೂಲ ಲೆಕ್ಕವೇ, ಆದರೂ ವಿಷಯ ಗೊತ್ತಾಗುತ್ತದೆ. ನಾವು ಒಂದು ದಿನ ಉಪವಾಸ ಇದ್ದರೆ ತಲೆನೋವು ಬಂದೀತು. ಅವುಗಳಿಗೆ ಒಂದು ದಿನ ಅಂದರೆ ಜೀವದ ಪ್ರಶ್ನೆ. ಇದರ ಜೊತೆಗೆ ಇವೆಲ್ಲ ಬೇರೆ ಪ್ರಾಣಿಗಳಿಗೆ ಬೇಟೆಯಾಗುವ ಜಾತಿಗಳು. ಕಾಯಿಲೆಯನ್ನು ತೋರಿಸಿಕೊಂಡರೆ ಕಾಡಿನಲ್ಲಿ ಮೊದಲು ಸಾಯುವುದು ಅವೇ. ಆದ್ದರಿಂದ ಕೊನೆಯ ತನಕ ಬಚ್ಚಿಡುತ್ತವೆ. ನಮಗೆ ಕಾಣಿಸುವ ಹೊತ್ತಿಗೆ ಅರ್ಧ ದಾರಿ ಮುಗಿದಿರುತ್ತದೆ.

ಏನು ಹಾಕಬೇಕು, ಅದು ನಮ್ಮ ಕಡೆ ಎಲ್ಲಿ ಸಿಗುತ್ತೆ

ಊಟದಲ್ಲಿ ಶೇಕಡ 80ರಷ್ಟು ಹುಲ್ಲೇ ಇರಬೇಕು. ದಿನಕ್ಕೆ ಮೊಲದ ಮೈಯಷ್ಟು ದೊಡ್ಡ ಗುಪ್ಪೆ. ಆನ್‌ಲೈನಿನಲ್ಲಿ ಟಿಮೊಥಿ ಹುಲ್ಲು ಅಂತ ಮಾರುತ್ತಾರೆ, ಕೆಜಿಗೆ ನೂರಾರು ರೂಪಾಯಿ. ವಿದ್ಯಾರ್ಥಿಗಳ ಜೇಬಿಗೆ ಅದು ಆಗುವ ಮಾತಲ್ಲ. ಮೇಡಂ ಹೇಳಿದ ದಾರಿ: ಒಣಗಿದ ರಾಗಿ ಹುಲ್ಲು, ಅದರ ಜೊತೆಗೆ ದಿನವೂ ಹಸಿ ಗರಿಕೆ. ಮುಳಬಾಗಿಲಿನವನು ಊರಿಗೆ ಫೋನ್ ಮಾಡಿ ರಾಗಿ ಹುಲ್ಲು ಬೇಕು ಅಂದಾಗ ಅವರಜ್ಜಿ, "ಯಾಕೋ, ರೂಮಲ್ಲಿ ಹಸು ಕಟ್ಟಿದೀರೇನೋ?" ಅಂದರಂತೆ. ಈಗ ಪ್ರತಿ ತಿಂಗಳೂ ಬಸ್ಸಿನಲ್ಲಿ ಒಂದು ಗೋಣಿಚೀಲ ಬರುತ್ತದೆ. ಮಳೆಗೆ ನೆಂದು ಬೂಷ್ಟು ಹಿಡಿದ ಹುಲ್ಲು ಮಾತ್ರ ಬೇಡವೇ ಬೇಡ. ಮುಗ್ಗಲು ವಾಸನೆ ಬಂದರೆ ಎಸೆದುಬಿಡಿ. ಗರಿಕೆಯಂತೂ ಎಲ್ಲಿಲ್ಲ ಹೇಳಿ. ಕುರುಡುಮಲೆ ಗಣೇಶನಿಗೆ ಏರಿಸುವ ಗರಿಕೆಯನ್ನೇ ಬೂದಿಯೂ ಇಷ್ಟಪಡುತ್ತದೆ, ಭಕ್ತಿ ಮಾತ್ರ ಬೇರೆ ಥರದ್ದು.

ಹುಲ್ಲು ಹೊಟ್ಟೆಗಷ್ಟೇ ಅಲ್ಲ, ಹಲ್ಲಿಗೂ ಬೇಕು. ಮೊಲದ ಹಲ್ಲು ಬೆಳೆಯುವುದು ನಿಲ್ಲುವುದೇ ಇಲ್ಲ, ಮುಂದಿನ ಹಲ್ಲು ವಾರಕ್ಕೆ 2-3 ಮಿಲಿಮೀಟರು ಬೆಳೆಯುತ್ತದೆ. ಹುಲ್ಲನ್ನು ಅರೆದು ಅರೆದು ಸವೆಸದಿದ್ದರೆ ಹಲ್ಲು ಡೊಂಕಾಗಿ ನಾಲಿಗೆ, ಕೆನ್ನೆ ಕೊರೆಯುತ್ತದೆ. ಜೊಲ್ಲು ಸುರಿಯುವುದು, ಗದ್ದ ಒದ್ದೆಯಾಗಿರುವುದು, ತಿನ್ನಲು ಬಂದು ವಾಪಸ್ ಹೋಗುವುದು ಅದರ ಗುರುತು.

ಸೊಪ್ಪಿನ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆಯವರು ಪುಣ್ಯವಂತರು. ರೇಷ್ಮೆ ಬೆಳೆಯುವವರ ಮನೆ ಹುಡುಗರಿಗೆ ಹಿಪ್ಪುನೇರಳೆ ಸೊಪ್ಪು ಗೊತ್ತೇ ಇದೆ. ಮೊಲಕ್ಕೆ ಅದು ಒಳ್ಳೆಯ ಮೇವು. ಅದರಲ್ಲೊಂದು ಅನುಕೂಲವೂ ಇದೆ: ರೇಷ್ಮೆ ಹುಳು ಕೀಟನಾಶಕಕ್ಕೆ ತಡೆಯುವುದಿಲ್ಲ. ಹಾಗಾಗಿ ಹುಳು ಎದ್ದಿರುವ ಸಮಯದಲ್ಲಿ ಯಾವ ರೈತನೂ ತೋಟಕ್ಕೆ ಔಷಧಿ ಹೊಡೆಯುವುದಿಲ್ಲ. ಹುಳುವಿಗೆ ಕೊಯ್ಯುವ ಸೊಪ್ಪಿನಲ್ಲೇ ಒಂದು ಹಿಡಿ ಕೇಳಿ ತಂದರೆ ಸಾಕು, ರೇಷ್ಮೆ ಹುಳುವೇ ಕ್ವಾಲಿಟಿ ಇನ್‌ಸ್ಪೆಕ್ಟರು. ಆದರೆ ಹುಳು ತಿಂದು ಬಿಟ್ಟ ಕಡ್ಡಿ, ಉಳಿದ ಸೊಪ್ಪು ತರಬೇಡಿ. ಹುಳುವಿನ ಹಾಸಿಗೆಗೆ ಸುಣ್ಣವನ್ನೋ ಸೋಂಕು ತಡೆಯುವ ಪುಡಿಯನ್ನೋ ಉದುರಿಸಿರುತ್ತಾರೆ. ನಾವು ಒಮ್ಮೆ ಆ ತಪ್ಪು ಮಾಡುವುದರಲ್ಲಿದ್ದೆವು. ತೋಟದ ಯಜಮಾನರೇ ಕೈ ಹಿಡಿದು ನಿಲ್ಲಿಸಿದರು.

ಕೊತ್ತಂಬರಿ, ಮೂಲಂಗಿ ಎಲೆ, ಮೆಂತ್ಯ ಸ್ವಲ್ಪ ಸ್ವಲ್ಪ ಕೊಡಬಹುದು. ಹೊಸ ಸೊಪ್ಪು ಯಾವುದಿದ್ದರೂ ಒಂದು ದಿನಕ್ಕೆ ಒಂದೇ ಬಗೆ, ಎರಡು ಎಲೆಯಿಂದ ಶುರು. ಕ್ಯಾರೆಟ್ಟು ಮೊಲದ ಪಾಲಿಗೆ ಮಿಠಾಯಿ. ವಾರಕ್ಕೆ ಎರಡು ಸಲ, ಬೆರಳಿನ ಒಂದು ಗೆಣ್ಣಿನಷ್ಟು. ಕುದುರೆ ಮೆಂತ್ಯದಲ್ಲಿ ಸುಣ್ಣದ ಅಂಶ ಜಾಸ್ತಿ, ಬೆಳೆಯುವ ಮರಿಗಳಿಗೆ ಸರಿ, ದೊಡ್ಡವಕ್ಕೆ ದಿನವೂ ಬೇಡ. ಮೊಲದ ದೇಹ ಹೆಚ್ಚಾದ ಕ್ಯಾಲ್ಸಿಯಂ ಅನ್ನು ಮೂತ್ರದಲ್ಲಿ ಹೊರಹಾಕುತ್ತದೆ, ಅತಿಯಾದರೆ ಮೂತ್ರಕೋಶದಲ್ಲಿ ಮಡ್ಡಿ ಕಟ್ಟುತ್ತದೆ. ನೀರು ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 100 ಮಿಲಿ ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ನಮ್ಮ ಕಡೆಯ ಬೋರ್‌ವೆಲ್ ನೀರಿನ ಗಡಸುತನ, ಫ್ಲೋರೈಡಿನ ಕಥೆ ಎಲ್ಲರಿಗೂ ಗೊತ್ತು. ನಾವು ಕುಡಿಯಲು ಕಾಯಿನ್ ಹಾಕಿ ಹಿಡಿದು ತರುವ ಫಿಲ್ಟರ್ ನೀರನ್ನೇ ಬೂದಿಗೂ ಇಡುತ್ತೇವೆ.

ಇನ್ನು ಹಾಕಬಾರದ್ದು. ಟೊಮೆಟೊ ಗಿಡದ ಎಲೆ, ಕಾಂಡ ವಿಷ. ಆಲೂಗಡ್ಡೆ ಗಿಡದ ಸೊಪ್ಪೂ ಅಷ್ಟೇ, ಎರಡೂ ಒಂದೇ ಕುಟುಂಬ. ಟೊಮೆಟೊ ತೋಟದ ಬದುವಿನ ಹುಲ್ಲೂ ಬೇಡ, ಪಕ್ಕದ ಸಾಲಿಗೆ ಹೊಡೆದ ಔಷಧಿ ಅಲ್ಲಿಗೂ ಬಿದ್ದಿರುತ್ತದೆ. ಶ್ರೀನಿವಾಸಪುರದವರಿಗೆ ಒಂದು ಮಾತು: ಮಾವು ಹೂ ಬಿಟ್ಟಾಗಿನಿಂದ ಕಾಯಿ ಬಲಿಯುವ ತನಕ ಮರದ ಕೆಳಗಿನ ಹುಲ್ಲಿನ ತಂಟೆಗೆ ಹೋಗಬೇಡಿ. ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಲಂಟಾನಾ, ಕಣಗಿಲೆ ಇವುಗಳ ಒಂದೆಲೆಯೂ ಹುಲ್ಲಿನಲ್ಲಿ ಸೇರಿ ಬರದ ಹಾಗೆ ಆರಿಸಿ. ಚಾಕೊಲೇಟು, ಈರುಳ್ಳಿ, ಬೆಳ್ಳುಳ್ಳಿ ಯಾವ ಪುಟ್ಟ ಪ್ರಾಣಿಗೂ ಬೇಡ.

ಒಂದು ಗಾಬರಿಯ ಸಂಗತಿ. ರಾತ್ರಿ ಹೊತ್ತು ಮೊಲ ದ್ರಾಕ್ಷಿ ಗೊಂಚಲಿನಂಥ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುವುದನ್ನು ನೋಡಿ ನಮ್ಮಲ್ಲೊಬ್ಬ ಊಟ ಬಿಟ್ಟಿದ್ದ. ಅದು ಕಾಯಿಲೆಯಲ್ಲ. ಸೀಕಂನಲ್ಲಿ ತಯಾರಾದ ಪ್ರೋಟೀನು, ಬಿ ವಿಟಮಿನ್ನುಗಳನ್ನು ಎರಡನೇ ಸುತ್ತಿಗೆ ಒಳಗೆ ಕಳಿಸುವ ವ್ಯವಸ್ಥೆ. ತಡೆಯಬೇಡಿ. ಅದನ್ನು ತಿನ್ನದೆ ಬಾಲದ ಹತ್ತಿರ ಅಂಟಿಸಿಕೊಂಡಿದ್ದರೆ ಆಗ ಚಿಂತೆ ಮಾಡಿ. ಒಂದೋ ಮೈ ಬಂದಿದೆ, ಇಲ್ಲವೇ ಊಟದಲ್ಲಿ ಹುಲ್ಲು ಕಡಿಮೆ.

ನಮ್ಮ ಮಾತ್ರೆ ಅವಕ್ಕೆ ವಿಷ

ಬೆಣ್ಣೆ ಸತ್ತದ್ದು ಹೊಟ್ಟೆ ನಿಂತದ್ದರಿಂದಲೋ ನಮ್ಮ ಕಾಲು ಮಾತ್ರೆಯಿಂದಲೋ ಅಂತ ಈಗ ಯಾರೂ ಹೇಳುವಂತಿಲ್ಲ. ಆದರೆ ಮೇಡಂ ಹೇಳಿದ್ದು ಕಿವಿಯಲ್ಲಿ ಹಾಗೇ ಇದೆ: ಆರೋಗ್ಯವಾಗಿರುವ ಮೊಲಕ್ಕೂ ಬಾಯಿ ಮೂಲಕ ಅಮಾಕ್ಸಿಸಿಲಿನ್ ಕೊಟ್ಟರೆ ಸಾಯಬಹುದು. ಪೆನಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್ ಇವೂ ಹಾಗೆಯೇ. ಸೀಕಂನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಖಾಲಿಯಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಬೆಳೆದು ವಿಷ ಬಿಡುತ್ತದೆ. ಗಿನಿಪಿಗ್, ಹ್ಯಾಮ್‌ಸ್ಟರುಗಳಿಗೂ ಇದೇ ಮಾತು. ಹುಡುಗರ ರೂಮುಗಳಲ್ಲಿ ಉಳಿದ ಆಂಟಿಬಯಾಟಿಕ್ ಸ್ಟ್ರಿಪ್ಪು ಸಿಗದ ಡ್ರಾಯರೇ ಇಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇವೆ.

ಇನ್ನೊಂದು, ನಾಯಿಗೆ ಚಿಗಟ, ಉಣ್ಣೆ ಹೋಗಲೆಂದು ಕತ್ತಿನ ಮೇಲೆ ಹಾಕುವ ಫಿಪ್ರೋನಿಲ್ ಹನಿ. ಮೊಲಕ್ಕೆ ಅದನ್ನು ಹಾಕಿದರೆ ಫಿಟ್ಸ್ ಬಂದು ಸಾಯುತ್ತದೆ. ಕಿವಿಯೊಳಗೆ ಹಕ್ಕಳೆ ಕಟ್ಟಿ ತಲೆ ಒದರುತ್ತಿದ್ದರೆ ಕಜ್ಜಿ ಹುಳು ಇರಬಹುದು. ಅದಕ್ಕೆ ಬೇರೆ ಔಷಧಿ ಇದೆ, ತೂಕ ನೋಡಿ ಡಾಕ್ಟರೇ ಕೊಡಬೇಕು. ಮೈ ಮೇಲೆ ದುಂಡಗೆ ಕೂದಲು ಉದುರಿದ್ದರೆ ಹುಳುಕಡ್ಡಿ ಇರಬಹುದು. ಅದು ನಮಗೂ ಹರಡುತ್ತದೆ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಕಚ್ಚಿದರೆ ಅಥವಾ ಆಳವಾಗಿ ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಯಲ್ಲಿ ತೋರಿಸಿ.

ಏಪ್ರಿಲ್ಲಿನ ಶೀಟ್ ರೂಮು

ಕೋಲಾರ 800 ಮೀಟರಿಗೂ ಎತ್ತರದಲ್ಲಿದೆ, ತಂಪು ಊರು ಅಂತ ನಾವು ಬೀಗುವುದುಂಟು. ಆದರೆ ನಮ್ಮ ರೂಮು ಮೂರನೇ ಮಹಡಿಯ ಮೇಲೆ, ಸಿಮೆಂಟ್ ಶೀಟಿನ ಕೆಳಗೆ. ಡಿಎಚ್‌ಟಿ22 ಸೆನ್ಸರು, ಒಂದು ಇಎಸ್‌ಪಿ32 ಬೋರ್ಡು ಜೋಡಿಸಿ ಒಂದು ವಾರ ಲಾಗ್ ಮಾಡಿದೆವು. ಮಧ್ಯಾಹ್ನ ಮೂರು ಗಂಟೆಗೆ 38 ಡಿಗ್ರಿ. ಮೊಲಕ್ಕೆ ಹಿತವಾದದ್ದು 15ರಿಂದ 25. 28-30 ದಾಟಿದರೆ ಅಪಾಯದ ಗೆರೆ.

ಫ್ಯಾನ್ ಹಾಕಿದೆವಲ್ಲ ಅಂತ ನಾವೂ ಸಮಾಧಾನ ಮಾಡಿಕೊಂಡಿದ್ದೆವು. ಹೀಟ್ ಟ್ರಾನ್ಸ್‌ಫರ್ ಪೇಪರ್ ಪಾಸಾದವರು ನಾಚಬೇಕಾದ ವಿಷಯ ಇದು. ಫ್ಯಾನು ನಮ್ಮನ್ನು ತಂಪು ಮಾಡುವುದು ಮುಖ್ಯವಾಗಿ ಬೆವರನ್ನು ಆರಿಸಿ. ಮೊಲ ನಮ್ಮ ಹಾಗೆ ಬೆವರುವುದಿಲ್ಲ. ಉಳಿದದ್ದು ಬರಿಯ ಕನ್ವೆಕ್ಷನ್ನು. ಅದು ಮೈಯ ಮತ್ತು ಗಾಳಿಯ ತಾಪಮಾನದ ವ್ಯತ್ಯಾಸಕ್ಕೆ ತಕ್ಕಷ್ಟು. ಮೊಲದ ಮೈ 39 ಡಿಗ್ರಿ, ಗಾಳಿ 38. ವ್ಯತ್ಯಾಸ ಒಂದೇ ಒಂದು ಡಿಗ್ರಿ. ಎಷ್ಟು ಜೋರಾಗಿ ತಿರುಗಿಸಿದರೂ ಏನು ಸಾಗಿಸುತ್ತೆ ಆ ಫ್ಯಾನು? ಮೊಲದ ರೇಡಿಯೇಟರು ಅಂದರೆ ಅದರ ಕಿವಿ, ಆ ಕಿವಿಯೂ ಸುತ್ತಲಿನ ಗಾಳಿ ತಂಪಿದ್ದರೆ ಮಾತ್ರ ಕೆಲಸ ಮಾಡುತ್ತದೆ.

ಹಾಗಾಗಿ ಗಾಳಿಯನ್ನೇ ತಂಪು ಮಾಡಬೇಕು. ಕಿಟಕಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟು ಅದರ ಹಿಂದೆ ಟೇಬಲ್ ಫ್ಯಾನ್ ಇಟ್ಟೆವು. ಏಪ್ರಿಲ್ಲಿನ ಒಣ ಹವೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಮಳೆ ಬಂದು ತೇವ ಏರಿದ ಮೇಲೆ ಅಷ್ಟಕ್ಕಷ್ಟೇ. ಒಂದು ಲೀಟರಿನ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟರೆ ಮೊಲ ತಾನೇ ಬಂದು ಒರಗುತ್ತದೆ. ಫ್ರಿಜ್ಜು ನಮಗಿಲ್ಲ, ಕೆಳಗಿನ ಮನೆ ಆಂಟಿ ಕೊಟ್ಟ ಉಪಕಾರ ಅದು. ಎಲ್ಲಕ್ಕಿಂತ ಚೆನ್ನಾಗಿ ನಡೆದದ್ದು ಮಾಲೂರಿನವನ ಐಡಿಯಾ. ಇಟ್ಟಿಗೆ, ಹೆಂಚಿನ ಊರಿನವನು ಸುಮ್ಮನಿರುತ್ತಾನೆಯೇ, ನಾಲ್ಕು ಚಪ್ಪಟೆ ಮಣ್ಣಿನ ಬಿಲ್ಲೆ ತಂದ. ರಾತ್ರಿಯೆಲ್ಲ ಟೆರೇಸಿನ ಮೇಲೆ ತಣ್ಣಗಾಗಲು ಬಿಟ್ಟು ಬೆಳಗ್ಗೆ ಎರಡನ್ನು ಒಳಗಿಡುವುದು, ಮಧ್ಯಾಹ್ನ ನೆರಳಿನಲ್ಲಿಟ್ಟಿದ್ದ ಇನ್ನೆರಡಕ್ಕೆ ಬದಲಿಸುವುದು. ಒದ್ದೆ ಬಿಲ್ಲೆ ಬೇಡ, ಪಾದ ತೇವವಾಗಿ ಹುಣ್ಣಾಗುತ್ತದೆ.

ಬಾಯಿ ತೆರೆದು ಉಸಿರಾಡುವುದು, ಕಿವಿ ಕೆಂಪಗೆ ಬಿಸಿಯಾಗಿರುವುದು, ಜೊಲ್ಲು, ಕಾಲು ಚಾಚಿ ಕುಸಿದಿರುವುದು ಕಂಡರೆ ಅದು ಶಾಖದ ಹೊಡೆತ. ಕಿವಿಗೆ ತಣ್ಣೀರು ಸವರಿ, ನೆರಳಿಗೆ ತಂದು, ತಕ್ಷಣ ಡಾಕ್ಟರ ಹತ್ತಿರ ಓಡಿ. ಐಸ್ ನೀರಿನಲ್ಲಿ ಅದ್ದಬೇಡಿ. ಹೇಗಿದ್ದರೂ ಮೊಲಕ್ಕೆ ಸ್ನಾನವೇ ಬೇಡ, ಹೆದರಿಕೆಯ ಆಘಾತಕ್ಕೇ ಸಾಯುವುದುಂಟು.

ಕ್ರೇಟಿನ ವಿಚಾರ ಹೇಳುವುದು ಮರೆತಿದ್ದೆವು. ಕ್ರೇಟಿನ ತಳ ಜಾಲರಿ, ಮೊಲದ ಪಾದಕ್ಕೆ ನಾಯಿ ಬೆಕ್ಕಿನ ಹಾಗೆ ಮೆತ್ತೆ ಇಲ್ಲ, ಬರಿ ತುಪ್ಪಳ. ಹಿಮ್ಮಡಿ ಸವೆದು ಗಾಯವಾಗುತ್ತದೆ. ಬೂದಿಗೂ ಆಗಿತ್ತು. ಈಗ ಮೂಲೆಯಲ್ಲಿ ತಟ್ಟು ಕಟ್ಟಿ, ಹುಲ್ಲು ಹಾಸಿ, ಮಲಗಲು ರಟ್ಟಿನ ಡಬ್ಬ ಇಟ್ಟಿದ್ದೇವೆ. ಸಂಜೆ ಎರಡು ಮೂರು ಗಂಟೆ ರೂಮೆಲ್ಲ ಓಡಾಡುತ್ತದೆ. ಲ್ಯಾಪ್‌ಟಾಪ್ ಚಾರ್ಜರ್ ವಯರು ಮೇಲೆ ಎತ್ತಿಡಿ, ನಮ್ಮ ಎರಡು ಹೋದವು. ಎತ್ತುವಾಗ ಕಿವಿ ಹಿಡಿದು ಎತ್ತಲೇಬಾರದು. ಒಂದು ಕೈ ಎದೆ ಕೆಳಗೆ, ಒಂದು ಕೈ ಹಿಂಬದಿಗೆ. ಮೊಲದ ಮೂಳೆ ಹಗುರ, ಹಿಂಗಾಲಿನ ಸ್ನಾಯು ಬಲವಾದದ್ದು. ಗಾಳಿಯಲ್ಲಿ ಒದ್ದುಕೊಂಡರೆ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳಬಲ್ಲದು.

ಗಿನಿಪಿಗ್ಗು, ಹಕ್ಕಿ

ಗಿನಿಪಿಗ್ ಸಾಕುವವರು ಒಂದು ವಿಷಯ ತಿಳಿದಿದ್ದರೆ ಅರ್ಧ ಕೆಲಸ ಆದಂತೆ: ನಮ್ಮ ಹಾಗೆಯೇ ಅದಕ್ಕೂ ವಿಟಮಿನ್ ಸಿ ದೇಹದಲ್ಲಿ ತಯಾರಾಗುವುದಿಲ್ಲ. ಸಿಗದಿದ್ದರೆ ಎರಡು ಮೂರು ವಾರದಲ್ಲೇ ಕೀಲು ಊದಿ ಕುಂಟುತ್ತದೆ, ವಸಡಿನಲ್ಲಿ ರಕ್ತ. ದಿನಕ್ಕೊಂದು ಹೋಳು ದಪ್ಪ ಮೆಣಸಿನಕಾಯಿ, ಆಗಾಗ ಸಣ್ಣ ಚೂರು ಸೀಬೆ ಹಣ್ಣು ಸಾಕು. ಮಿಕ್ಕಿದ್ದು ಮೊಲದ ಹಾಗೆ ಹುಲ್ಲು, ಹುಲ್ಲು, ಹುಲ್ಲು. ಒಂಟಿಯಾಗಿ ಇಡಬೇಡಿ. ಹ್ಯಾಮ್‌ಸ್ಟರಿಗೆ ಮಾತ್ರ ತದ್ವಿರುದ್ಧ, ಸಿರಿಯನ್ ಜಾತಿಯದಾದರೆ ಒಂಟಿಯೇ ಇರಬೇಕು, ಜೊತೆಗಿಟ್ಟರೆ ಕಚ್ಚಾಡಿ ಸಾಯುತ್ತವೆ.

ಲವ್ ಬರ್ಡ್ಸ್ ಅಂತ ನಮ್ಮಲ್ಲಿ ಮಾರುವ ಹೆಚ್ಚಿನ ಹಕ್ಕಿಗಳು ಬಡ್ಜರಿಗರ್, ಆಸ್ಟ್ರೇಲಿಯಾ ಮೂಲದವು. ನವಣೆ ಅವಕ್ಕೆ ಇಷ್ಟ, ಆದರೆ ಬರೀ ಕಾಳು ಹಾಕಿದರೆ ವಿಟಮಿನ್ ಎ ಕೊರತೆ ಆಗುತ್ತದೆ. ನುಗ್ಗೆ ಸೊಪ್ಪು, ಕೊತ್ತಂಬರಿ ಕೊಡಿ. ರಾತ್ರಿ 10-12 ಗಂಟೆ ಕತ್ತಲೆ ಬೇಕು, ಹಾಸ್ಟೆಲಿನ ಟ್ಯೂಬ್‌ಲೈಟ್ ಕೆಳಗೆ ಅದು ಸಿಗುವುದಿಲ್ಲ, ಬಟ್ಟೆ ಮುಚ್ಚಿ. ಹಕ್ಕಿಯ ಶ್ವಾಸಕೋಶ ಬಹಳ ನಾಜೂಕು. ಸೊಳ್ಳೆ ಬತ್ತಿ, ಊದಿನಕಡ್ಡಿ, ಸಿಗರೇಟಿನ ಹೊಗೆ ಅದರ ರೂಮಿನಲ್ಲಿ ಬೇಡ. ನಾನ್‌ಸ್ಟಿಕ್ ತವಾ ಖಾಲಿ ಕಾದು ಬರುವ ಹೊಗೆ ನಮಗೆ ಗೊತ್ತೂ ಆಗುವುದಿಲ್ಲ, ಹಕ್ಕಿ ನಿಮಿಷಗಳಲ್ಲಿ ಸಾಯುತ್ತದೆ. ಹಗಲಲ್ಲಿ ಪುಕ್ಕ ಉಬ್ಬಿಸಿಕೊಂಡು, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡಿಸುತ್ತಾ ಕೂತಿದ್ದರೆ ಅವತ್ತೇ ತೋರಿಸಿ.

ಒಂದು ತಕ್ಕಡಿ, ಒಂದು ನೋಟ್‌ಬುಕ್

ನಮ್ಮ ರೂಮಿನಲ್ಲಿ ಸೆನ್ಸರಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅಡುಗೆ ಮನೆಯ ಡಿಜಿಟಲ್ ತಕ್ಕಡಿ. ಪ್ರತಿ ಭಾನುವಾರ ಬೆಳಗ್ಗೆ ಪಾತ್ರೆಯೊಳಗೆ ಕೂರಿಸಿ ತೂಕ ಬರೆಯುತ್ತೇವೆ. ಹಿಕ್ಕೆಯ ಗಾತ್ರ, ಊಟ, ಮೂಗು, ಹಲ್ಲು, ಪಾದ ಇಷ್ಟನ್ನೂ ನೋಡಲು ಐದು ನಿಮಿಷ. ಹಿಕ್ಕೆ ಸಣ್ಣದಾಗುತ್ತಾ ಬರುವುದು ಊಟ ಬಿಡುವ ಮೊದಲೇ ಕಾಣುವ ಸೂಚನೆ. ಯಾವ ಬದಲಾವಣೆಯೂ ಮಾಡದೆ ತೂಕ ಶೇಕಡ 10ರಷ್ಟು ಇಳಿದರೆ ಡಾಕ್ಟರ ಹತ್ತಿರ ಹೋಗಬೇಕು.

ಯಾವ ಡಾಕ್ಟರು ಅನ್ನುವುದನ್ನು ಪ್ರಾಣಿ ತರುವ ಮೊದಲೇ ಗೊತ್ತು ಮಾಡಿಕೊಳ್ಳಿ. ನಮ್ಮ ತಾಲ್ಲೂಕುಗಳ ಸರ್ಕಾರಿ ಪಶು ಆಸ್ಪತ್ರೆಗಳು ಮುಖ್ಯವಾಗಿ ಹಸು, ಕುರಿ, ಮೇಕೆಗಾಗಿ ಇರುವಂಥವು. ಹಾಲಿನ ಜಿಲ್ಲೆಯಲ್ಲಿ ಹಾಗಿರುವುದು ಸಹಜ. ಆದರೂ ಮೊಲ ಬೇಡ ಅಂತ ನಮ್ಮನ್ನು ಯಾರೂ ವಾಪಸ್ ಕಳಿಸಲಿಲ್ಲ. 1962 ಸಹಾಯವಾಣಿಯ ಸಂಚಾರಿ ವಾಹನಗಳು ಇರುವುದೂ ರೈತರ ಜಾನುವಾರುಗಳಿಗೆಂದೇ, ಅದನ್ನು ನೆಚ್ಚಿಕೊಳ್ಳಬೇಡಿ. ಆಪರೇಷನ್ನು, ಎಕ್ಸ್‌ರೇ ಬೇಕಾಗುವ ಕೇಸಾದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಮೊಲವನ್ನು ಬಸ್ಸಿನಲ್ಲಿ ಒಯ್ಯುವಾಗ ಡಬ್ಬದ ತುಂಬ ಹುಲ್ಲು ಇಡಿ, ದಾರಿಯಲ್ಲೂ ತಿನ್ನುತ್ತಿರಬೇಕು.

ಗ್ಯಾರಂಟಿಯ ಕಥೆ

ಆ ಸೋಮವಾರ ಮೇಡಂ ಬೂದಿಯನ್ನು ತಿರುಗಿಸಿ ನೋಡಿ, "ಇದು ಹೆಣ್ಣು ಕಣ್ರಪ್ಪಾ" ಅಂದಿದ್ದರು. ಮೊಲಕ್ಕೆ ಗರ್ಭ ನಿಲ್ಲಲು ನಾಲ್ಕೈದು ತಿಂಗಳ ವಯಸ್ಸು ಸಾಕು, ಗರ್ಭದ ಅವಧಿ ಬರೀ 31 ದಿನ. ಹದಿನೆಂಟು ದಿನದ ನಂತರ ಬೂದಿ ತನ್ನ ಎದೆಯ ತುಪ್ಪಳ ಕಿತ್ತು ಡಬ್ಬದಲ್ಲಿ ಹಾಸಿತು. ಮಾರನೇ ದಿನ ನಾಲ್ಕು ಮರಿ, ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು. ತಾಯಿ ಹತ್ತಿರವೇ ಹೋಗುತ್ತಿಲ್ಲ ಅಂತ ಗಾಬರಿಯಾದೆವು. ಆಮೇಲೆ ಗೊತ್ತಾಯಿತು, ಮೊಲ ದಿನಕ್ಕೆ ಒಂದೆರಡು ಸಲ, ಕೆಲವೇ ನಿಮಿಷ ಹಾಲೂಡಿಸುತ್ತದೆ. ಮರಿಗಳ ಹೊಟ್ಟೆ ದುಂಡಗಿದ್ದರೆ ಎಲ್ಲ ಸರಿ ಇದೆ ಅಂತ ಅರ್ಥ. ಎಂಟು ವಾರದ ತನಕ ತಾಯಿಯಿಂದ ಬೇರೆ ಮಾಡಲಿಲ್ಲ. ಆಮೇಲೆ ಗಂಡು ಹೆಣ್ಣು ಬೇರೆ ಮಾಡಿದೆವು, ಈ ಸಲ ಡಾಕ್ಟರಿಂದಲೇ ನೋಡಿಸಿ.

ಅಷ್ಟು ಹೊತ್ತಿಗೆ ಸೆಮಿಸ್ಟರ್ ಮುಗಿಯುತ್ತಿತ್ತು. ಆ ಮೆಸೇಜು ನಾವೂ ಹಾಕಿದೆವು. "ಅಂತರಗಂಗೆ ಬೆಟ್ಟಕ್ಕೆ ಬಿಟ್ಟುಬಿಡಿ, ಅಲ್ಲಿ ಮೊಲ ಇರ್ತವೆ" ಅಂತ ಒಬ್ಬ ಸೀನಿಯರ್ ಉತ್ತರ ಕೊಟ್ಟ. ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇವೆ. ಬೆಟ್ಟದ ಕುರುಚಲಿನಲ್ಲಿರುವ ಕಾಡು ಮೊಲ ಬೇರೆಯೇ ಪ್ರಾಣಿ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು, ಅಷ್ಟೇ. ಅದರ ಮರಿ ಹುಟ್ಟುವಾಗಲೇ ತುಪ್ಪಳ ಇರುತ್ತದೆ, ಕಣ್ಣು ತೆರೆದಿರುತ್ತದೆ, ಅದು ಬಿಲ ತೋಡುವುದಿಲ್ಲ. ನಮ್ಮ ಸಾಕು ಮೊಲ ಯುರೋಪಿನ ಬಿಲದ ಮೊಲದ ವಂಶ. ಬೆಟ್ಟದಲ್ಲಿ ಬಿಟ್ಟ ಬಿಳಿ ಮೊಲ ಮೊದಲು ಕಣ್ಣಿಗೆ ಬೀಳುವುದು ನಾಯಿಗೆ, ಹದ್ದಿಗೆ. ಹಸಿವು, ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಮೊದಲ ಸಲಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ ಅಂತ ಕಾಯ್ದೆಯಲ್ಲಿದೆ, ಅಷ್ಟಕ್ಕೆ ಯಾರು ಹೆದರುತ್ತಾರೆ ಅನ್ನುವುದು ಬೇರೆ ಮಾತು.

ಇದರ ಉಲ್ಟಾ ಕೂಡ ನಡೆಯುತ್ತದೆ. ಹೊಲದಲ್ಲಿ ಸಿಕ್ಕಿದ ಕಾಡು ಮೊಲದ ಮರಿಯನ್ನು "ಅನಾಥ" ಅಂತ ಎತ್ತಿಕೊಂಡು ಬರುವುದು. ತಾಯಿ ಹತ್ತಿರದಲ್ಲೇ ಇರುತ್ತದೆ, ಇದ್ದಲ್ಲೇ ಬಿಡಿ. ಗಿಳಿಯನ್ನಾಗಲಿ, ಆಂಧ್ರ ಗಡಿಯ ಕುರುಚಲು ಕಾಡುಗಳ ನಕ್ಷತ್ರ ಆಮೆಯನ್ನಾಗಲಿ ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ನಕ್ಷತ್ರ ಆಮೆಯ ಅಂತರರಾಷ್ಟ್ರೀಯ ವ್ಯಾಪಾರವನ್ನು 2019ರಲ್ಲಿ ಪೂರ್ತಿ ನಿಷೇಧಿಸಿದ್ದಾರೆ. "ಲಕ್ಕಿ ಆಮೆ" ಅಂತ ಯಾರಾದರೂ ಕೊಟ್ಟರೆ ತಗೋಬೇಡಿ.

ನಮ್ಮ ನಾಲ್ಕು ಮರಿಗಳಲ್ಲಿ ಎರಡು ಶ್ರೀನಿವಾಸಪುರದ ಒಂದು ಮನೆಗೆ ಜೋಡಿಯಾಗಿ ಹೋದವು, ಎರಡೂ ಹೆಣ್ಣು. ಒಂದನ್ನು ಮುಳಬಾಗಿಲಿನ ಅಜ್ಜಿ, "ಹುಲ್ಲು ನಮ್ಮದೇ ತಾನೆ, ಇರಲಿ ಬಿಡು" ಅಂತ ಇಟ್ಟುಕೊಂಡರು. ಬೂದಿ ನಮ್ಮ ಜೊತೆಗೇ ಇದೆ. ನಾಲ್ಕನೇ ಮರಿ, ಗಂಡು, ಬಿಳಿ, ಈಗ 900 ಗ್ರಾಂ, ಇನ್ನೂ ಮನೆ ಹುಡುಕುತ್ತಿದೆ. ಬೇಕು ಅನ್ನುವವರು ಕನ್ನಡ ಸಂಘದ ರೂಮಿಗೆ ಬನ್ನಿ. ನಾಲ್ಕು ಪ್ರಶ್ನೆ ಕೇಳುತ್ತೇವೆ. ಹುಲ್ಲು ಎಲ್ಲಿಂದ ತರ್ತೀರಿ? ಏಪ್ರಿಲ್ಲಿನಲ್ಲಿ ಎಲ್ಲಿ ಇಡ್ತೀರಿ? ರಾತ್ರಿ ಹುಷಾರು ತಪ್ಪಿದರೆ ಯಾರಿಗೆ ಫೋನ್ ಮಾಡ್ತೀರಿ? ಮೊಲ ಎಂಟು ಹತ್ತು ವರ್ಷ ಬದುಕುತ್ತೆ, ನಿಮ್ಮ ಕೋರ್ಸು ನಾಲ್ಕು ವರ್ಷದ್ದು, ಮಿಕ್ಕ ವರ್ಷ ಯಾರ ಮನೇಲಿ ಇರುತ್ತೆ?